ಜಿಮ್ನಿಗೆ ಆಲ್ ಟೆರೇನಾ, ಮಡ್ ಟೆರೇನಾ? ನಮ್ಮ ಉಡುಪಿ ಕಡೆ ಮಳೆಗೆ ಯಾವುದು ಆದೀತು?

ನಿಮ್ಮ ಪ್ರಶ್ನೆ ಓದಿದೆ. ಮಾರುತಿಯ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ, ಕಂಪೆನಿ ಟೈರ್ ಸವೆದಿದೆ, ದಿನಾ ಉಡುಪಿಯಿಂದ ಮಂಗಳೂರಿಗೆ ಆಫೀಸು, ವಾರಕ್ಕೊಮ್ಮೆ ಹೆಬ್ರಿ ಹತ್ತಿರ ಅಡಿಕೆ ತೋಟ, ಫ್ರೆಂಡ್ಸೆಲ್ಲ ಮಡ್ ಟೆರೇನ್ (ಕೆಸರಿಗೆಂದೇ ಮಾಡಿದ ಟೈರ್) ಹಾಕು ಅಂತಿದ್ದಾರೆ, ಸೈಜ್ ದೊಡ್ಡದು ಮಾಡುದಾ ಅಂತಲೂ ಕೇಳಿದ್ದೀರಿ. ನಂದೂ ಜಿಮ್ನಿಯೇ, ಮನೆ ಕಾರ್ಕಳ ಕಡೆ, ಓಡಾಟವೂ ಹೆಚ್ಚುಕಮ್ಮಿ ನಿಮ್ಮ ಹಾಗೇ. ಮಡ್ ಟೆರೇನ್ ಬೇಡವೇ ಬೇಡ ಮಾರಾಯ್ರೆ. ಆಲ್ ಟೆರೇನ್, ಅಂದ್ರೆ ಡಾಂಬರಿಗೂ ಮಣ್ಣಿಗೂ ಆಗುವ ಟೈರ್ ಹಾಕಿ, ಅದರಲ್ಲೂ ತೀರಾ ಒರಟು ಬಟನ್ (ಟೈರಿನ ಮೈಮೇಲಿನ ರಬ್ಬರ್ ಉಬ್ಬು) ಇಲ್ಲದ್ದು.

ಟೈರ್ ತೆಗೊಳ್ಳುವಾಗ ಎಲ್ಲರ ಕಣ್ಣೆದುರು ಬರುದು ತೋಟದ ಆ ಕೊನೆಯ ಏರು, ಆದ್ರೆ ನಿಮ್ಮ ಗಾಡಿ ವಾರವಿಡೀ ಓಡುದು ಹೈವೇ 66ರಲ್ಲಿ ಅಲ್ವಾ, ಅದೂ ಜೂನಿಂದ ಸೆಪ್ಟೆಂಬರ್ ತನಕ ಒಣಗುದೇ ಇಲ್ಲದ ಡಾಂಬರಲ್ಲಿ. 80ರಲ್ಲಿ ಹೋಗ್ತಾ ಇರ್ತೀರಿ, ಎದುರಿನ ಮೀನು ಲಾರಿ ಸಡನ್ನಾಗಿ ಬ್ರೇಕ್ ಹಾಕ್ತದೆ, ಆಗ ಫೋರ್ ವೀಲ್ ಡ್ರೈವ್ ಉಂಟು ಅಂತ ಎಂತ ಪ್ರಯೋಜನವೂ ಇಲ್ಲ, ಅದು ಗಾಡಿ ಎಳೀಲಿಕ್ಕೆ ಇರುದು, ನಿಲ್ಲಿಸ್ಲಿಕ್ಕೆ ಅಲ್ಲ. ನಿಲ್ಲಿಸುದು ಬ್ರೇಕ್ ಮತ್ತು ರಸ್ತೆಗೆ ತಾಗಿಕೊಂಡ ಆ ಅಂಗೈಯಗಲ ರಬ್ಬರ್. ಮಡ್ ಟೆರೇನಲ್ಲಿ ಬಟನ್ ದೊಡ್ಡದು, ನಡುವೆ ಸಂದು ಅಗಲ, ಹಾಗಾಗಿ ರಸ್ತೆಗೆ ತಾಗುವ ರಬ್ಬರೇ ಕಮ್ಮಿ. ಕೆಸರಿಗೆ ಅದೇ ಬೇಕು, ಚಂಡಿ ಡಾಂಬರಿಗೆ ಅದೇ ತೊಂದರೆ. ಮೇಲಿಂದ ಸದ್ದು ಬೇರೆ, ಸುರತ್ಕಲ್ ಮುಟ್ಟುವಷ್ಟರಲ್ಲಿ ತಲೆ ಹಾಳು.

ಅಂಗಡಿಗೆ ಹೋದಾಗ ಪಕ್ಕದ ದಪ್ಪ ಅಕ್ಷರ ನೋಡುದಕ್ಕಿಂತ ಬಟನ್ ಮೇಲೆ ನೋಡಿ. ಬ್ಲೇಡಲ್ಲಿ ಕೊಯ್ದ ಹಾಗೆ ಸಪೂರ ಗೀರುಗಳು ಇರ್ತವೆ, ಸೈಪ್ ಅಂತಾರೆ, ರಸ್ತೆ ಮೇಲಿನ ನೀರಿನ ತೆಳು ಪದರ ಕಡಿದು ರಬ್ಬರಿಗೆ ಹಿಡಿತ ಕೊಡುದು ಅದೇ. ಉಗುರು ತೂರಿಸಿ ನೋಡಿ, ಗೀರು ಬಟನಿನ ಬುಡದ ತನಕ ಇಳಿದಿದೆಯಾ, ಮೇಲೆ ಮೇಲೆ ಮಾತ್ರವಾ ಅಂತ. ಮೇಲೆ ಮಾತ್ರ ಇದ್ರೆ ಟೈರ್ ಅರ್ಧ ಸವೆಯುವಾಗ ಗೀರು ಮಾಯ, ಆಮೇಲೆ ಬಟನ್ ಎಷ್ಟೇ ಎತ್ತರ ಉಳಿದಿದ್ರೂ ಮಳೆಯಲ್ಲಿ ಜಾರ್ತದೆ. ಕಾನೂನು ಪ್ರಕಾರ ಬಟನ್ ನಡುವಿನ ಸಂದಿನ ಆಳ 1.6 ಮಿಲಿಮೀಟರ್ ಆಗುವ ತನಕ ಓಡಿಸಬಹುದು, ನಮ್ಮ ಮಳೆಗೆ ನಾನಂತೂ 3ಕ್ಕಿಂತ ಕೆಳಗೆ ಬಿಡುದಿಲ್ಲ. ಕೆಲವದರಲ್ಲಿ ಪರ್ವತದ ಒಳಗೆ ಹಿಮದ ಹೂವಿನ ಗುರ್ತು ಇರ್ತದೆ, ಅದು ಹಿಮದ ಪರೀಕ್ಷೆ ಪಾಸಾದದ್ದು. ಅಂಗಡಿಯವ ಅದನ್ನೇ ತೋರಿಸಿ ರೇಟ್ ಜಾಸ್ತಿ ಹೇಳಿದ್ರೆ ಹೆಬ್ರಿಯಲ್ಲಿ ಹಿಮ ಯಾವಾಗ ಬೀಳ್ತದೆ ಅಂತ ಕೇಳಿ.

ಇನ್ನು ತೋಟದ ವಿಷಯ. ನಮ್ಮ ಕೆಂಪು ಮಣ್ಣು ಚಂಡಿ ಆದ್ರೆ ಅಂಟು, ಕಂಪೆನಿ ಟೈರಿನ ಸಪೂರ ಸಂದಲ್ಲಿ ಎರಡು ಸುತ್ತಿಗೇ ತುಂಬಿಬಿಡ್ತದೆ, ಆಮೇಲೆ ಟೈರಿಗೆ ಬಟನ್ ಉಂಟಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ. ಆಲ್ ಟೆರೇನಲ್ಲಿ ಅಂಚಿನ ಬಟನ್‌ಗಳ ನಡುವೆ ಸಂದು ಹೊರಗೆ ಬಾಯಿ ತೆರೆದಿರ್ತದೆ, ಚಕ್ರ ತಿರುಗುವಾಗ ಮಣ್ಣು ಹೊರಗೆ ಎಸೆದು ಹೋಗ್ತದೆ. ತೋಟದ ರಸ್ತೆಗೆ ಇಷ್ಟು ಸಾಕು. ಆದ್ರೆ ಪಾಚಿ ಹಿಡಿದ ಕಾಂಕ್ರೀಟ್ ರಸ್ತೆ, ಪಾಚಿ ಹಿಡಿದ ಮುರಕಲ್ಲು, ಇವೆರಡಕ್ಕೆ ಯಾವ ಟೈರೂ ಮದ್ದಲ್ಲ, ಒರಟು ಟೈರಂತೂ ಅಲ್ಲಿ ಇನ್ನೂ ಕಡೆ. ಅಂಥ ಜಾಗದಲ್ಲಿ ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲದಲ್ಲಿ ಓಡಿಸುವ ಗೇರ್) ಹಾಕಿ ಮೆಲ್ಲ ಇಳಿಯುದು, ಅಷ್ಟೇ.

ಮತ್ತೆ ಗಾಳಿ. ಇದನ್ನು ಯಾರೂ ಹೇಳುದಿಲ್ಲ. ಬಾಗಿಲ ಬದಿಯ ಸ್ಟಿಕರಲ್ಲಿ ಬರೆದಷ್ಟು ಗಾಳಿ ರಸ್ತೆಗೆ, ಕೆಸರಿನ ಏರಿಗೆ ಮುಂಚೆ 18-20 ಪಿಎಸ್ಐಗೆ ಇಳಿಸಿ ನೋಡಿ, ಟೈರ್ ಚಪ್ಪಟೆಯಾಗಿ ನೆಲ ಹಿಡಿದುಕೊಳ್ತದೆ, ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಬಟನ್ ಮಾಡದ ಕೆಲಸ ಇದು ಫ್ರೀಯಾಗಿ ಮಾಡ್ತದೆ. ಡಿಕ್ಕಿಯಲ್ಲಿ ಒಂದು 12 ವೋಲ್ಟಿನ ಸಣ್ಣ ಕಂಪ್ರೆಸರ್ ಇಟ್ಕೊಳ್ಳಿ, ಡಾಂಬರು ಸಿಕ್ಕಿದ ಕೂಡ್ಲೆ ಗಾಳಿ ಹಾಕಿ, ಗಾಳಿ ಕಮ್ಮಿ ಇರುವಾಗ ಸ್ಪೀಡ್ ಬೇಡ. ಕೊಲ್ಲೂರಿಂದ ಕೊಡಚಾದ್ರಿಗೆ ಜೀಪ್ ಹತ್ತಿಸುವವರ ಟೈರ್ ಒಮ್ಮೆ ನೋಡಿ ಬೇಕಾದ್ರೆ, ಫೋಟೋದಲ್ಲಿ ಮಿಂಚುವಂಥ ಅಗಲ ಟೈರಲ್ಲ, ಸಪೂರದ್ದು. ಅಲ್ಲಿ ಕೆಲಸ ಮಾಡುದು ಮುಕ್ಕಾಲು ಪಾಲು ಡ್ರೈವರನ ಕಾಲು.

ಸೈಜ್ ಬಗ್ಗೆ. ಜಿಮ್ನಿಗೆ ಬರುದು 195/80 ಆರ್15 (ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಅಗಲದ 80 ಪರ್ಸೆಂಟ್, ರಿಮ್ 15 ಇಂಚು), ಅಂದ್ರೆ ಒಟ್ಟು ಎತ್ತರ 693 ಮಿಲಿಮೀಟರ್. ಈ ಸೈಜಲ್ಲಿ ಆಲ್ ಟೆರೇನ್ ಆಯ್ಕೆ ಕಮ್ಮಿ. ಸುಮಾರು ಜನ ಹಾಕುದು 215/75 ಆರ್15, ಎತ್ತರ 703, ಬರೀ ಒಂದೂವರೆ ಪರ್ಸೆಂಟ್ ವ್ಯತ್ಯಾಸ, ಮೀಟರಲ್ಲಿ 80 ತೋರಿಸುವಾಗ ಟೈರಿನ ಲೆಕ್ಕದಿಂದ ನಿಜವಾದ ಸ್ಪೀಡ್ ಒಂದು ಕಿಲೋಮೀಟರ್ ಚಿಲ್ಲರೆ ಹೆಚ್ಚಾಗ್ತದೆ, ಅದೇನು ದೊಡ್ಡದಲ್ಲ. ಅದು ಬೊಲೆರೋ ಸೈಜ್, ಹಾಗಾಗಿ ಸಣ್ಣ ಪೇಟೆಯ ಅಂಗಡಿಯಲ್ಲೂ ಸಿಕ್ಕೀತು, ನನಗೆ ಅದೇ ದೊಡ್ಡ ಲಾಭ ಅನ್ಸಿದ್ದು. ಅದಕ್ಕಿಂತ ಮೇಲೆ ಹೋಗ್ಬೇಡಿ, ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಉಜ್ಜುದು, ಪಿಕಪ್ ಸಾಯುದು ಎಲ್ಲ ಶುರುವಾಗ್ತದೆ, ಇರುದೇ 105 ಪಿಎಸ್ ಇಂಜಿನ್. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರ್ತದೆ ಅನ್ನುವ ನಂಬರ್) ಹಳೆ ಟೈರಿಗಿಂತ ಕಮ್ಮಿ ಆಗ್ಬಾರ್ದು, 96 ಅಂದ್ರೆ ಒಂದು ಟೈರಿಗೆ 710 ಕಿಲೋ, 100 ಅಂದ್ರೆ 800.

ಬ್ರ್ಯಾಂಡ್ ಕೇಳಿದ್ರಿ. ಬಿಎಫ್ ಗುಡ್‌ರಿಚ್ ಕೆಒ2 ಗಟ್ಟಿ ಟೈರ್ ಹೌದು, ಕಲ್ಲಿಗೆ ಪಕ್ಕ ಹರಿಯುದು ಕಷ್ಟ, ಆದ್ರೆ ಅದು ಭಾರದ ಟೈರ್, ಎರಡು ಟನ್ ಗಾಡಿಗೆ ಸರಿ. ನಮ್ಮದು ಹೆಚ್ಚುಕಮ್ಮಿ 1200 ಕಿಲೋ, ಅಂಥದ್ದು ಹಾಕಿದ್ರೆ ಹೊಂಡದಲ್ಲಿ ಗಾಡಿ ಕುಪ್ಪಳಿಸ್ತದೆ. ನಾನು ಹಾಕಿದ್ದು ಯೋಕೋಹಾಮ ಜಿಯೋಲ್ಯಾಂಡರ್ ಜಿ015, ಡಾಂಬರಲ್ಲಿ ಮೆತ್ತಗೆ, ಮಳೆಯಲ್ಲಿ ಧೈರ್ಯ ಬರ್ತದೆ, ಮೈಲೇಜ್ ಸ್ವಲ್ಪ ಇಳಿದದ್ದು ಹೌದು. ಬಜೆಟ್ ಕಮ್ಮಿ ಇದ್ರೆ ಅಪೊಲೊ, ಸಿಯೆಟ್, ಎಂಆರ್‌ಎಫ್ ಆಲ್ ಟೆರೇನ್‌ಗಳನ್ನೂ ನೋಡಿ, ನಿಮ್ಮ ಸೈಜಲ್ಲಿ ಉಂಟಾ ಅಂತ ಮೊದಲು ಫೋನ್ ಮಾಡಿ ಕೇಳಿ ಹೋಗಿ. ಪಕ್ಕದಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಯ ನಾಲ್ಕು ಅಂಕೆ ನೋಡುದು ಮರೀಬೇಡಿ, 1824 ಅಂದ್ರೆ 2024ರ 18ನೇ ವಾರ ತಯಾರಾದದ್ದು. ಗೋಡೌನಲ್ಲಿ ಮೂರು ವರ್ಷ ಕೂತದ್ದನ್ನು ಹೊಸದು ಅಂತ ಕೊಡ್ತಾರೆ, ಬೇಡ ಅನ್ನಿ.

ಹಾಕುದಾದ್ರೆ ಐದೂ ಒಟ್ಟಿಗೆ ಹಾಕಿ, ಸ್ಟೆಪ್ನಿ ಸೇರಿ. ಎರಡು ಈಗ ಎರಡು ಆಮೇಲೆ ಅನ್ನುದು ಈ ಗಾಡಿಗೆ ಆಗುದಿಲ್ಲ, 4ಎಚ್, ಅಂದ್ರೆ ಫೋರ್ ವೀಲ್ ಡ್ರೈವ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಲಾಕ್, ನಡುವೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ, ಟೈರಿನ ಸುತ್ತಳತೆ ಬೇರೆ ಬೇರೆ ಆದ್ರೆ ಪೆಟ್ಟು ಬೀಳುದು ಇಂಜಿನ್ ಬಲವನ್ನು ಎರಡೂ ಆಕ್ಸಲಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ. ಹೊಸ ಟೈರಿನ ಮೇಲೆ ಅಚ್ಚಿನ ಜಾರು ಪದರ ಇರ್ತದೆ, ಮೊದಲ ಒಂದಿನ್ನೂರು ಕಿಲೋಮೀಟರ್ ಬ್ರೇಕ್ ಮೆಲ್ಲ ಹಾಕಿ. ಆದ್ರೆ ಮೇ ತಿಂಗಳಲ್ಲೇ ಹಾಕಿಸಿ ಬಿಡಿ, ಮಳೆ ಬರುವಾಗ ಆ ಪದರ ಹೋಗಿರ್ತದೆ, ಅಂಗಡಿಯಲ್ಲೂ ಜೂನಿನಷ್ಟು ರಶ್ ಇರುದಿಲ್ಲ.