ಸ್ಕ್ರೋಲಿಂಗ್ ಪ್ಯಾನೆಲ್: ಓದುಗರ ಪ್ರಶ್ನೆಗಳು

ಪ್ರಶ್ನೆ: ಸ್ಟೋರಿಲೈನ್ 360 ತಂತ್ರಾಂಶದಲ್ಲಿ ಸಿಬ್ಬಂದಿ ತರಬೇತಿಯ ಆನ್‌ಲೈನ್ ಕೋರ್ಸ್ ಮಾಡುತ್ತಿದ್ದೇವೆ. ರಜೆ ನಿಯಮಗಳು ಒಂದೇ ಸ್ಲೈಡಿನಲ್ಲಿ ಬರಬೇಕಂತೆ. ಸ್ಕ್ರೋಲಿಂಗ್ ಪ್ಯಾನೆಲ್‌ಗೆ (ಒಳಗಿನ ಪಠ್ಯವನ್ನು ಸರಿಸಿ ಓದುವ ಚೌಕ) ಹಾಕಿದರೆ ಬಲಗಡೆಯ ಅಕ್ಷರಗಳು ಕತ್ತರಿಸಿಹೋಗುತ್ತವೆ. ಕೆಳಗೆ ಇನ್ನೂ ಇದೆ ಎಂಬುದೂ ಕಲಿಯುವವರಿಗೆ ತಿಳಿಯುತ್ತಿಲ್ಲ. — ತರಬೇತಿ ವಿಭಾಗ, ಹುಬ್ಬಳ್ಳಿ

ಉತ್ತರ: ಈ ಪ್ಯಾನೆಲ್ ಸರಿಯುವುದು ಮೇಲೆ ಕೆಳಗೆ ಮಾತ್ರ. ಅದಕ್ಕಿಂತ ಅಗಲವಾಗಿರುವುದೆಲ್ಲ ಕತ್ತರಿಸಿಹೋಗುತ್ತದೆ. ಇನ್ಸರ್ಟ್ ಟ್ಯಾಬಿನಿಂದ ಸ್ಕ್ರೋಲಿಂಗ್ ಪ್ಯಾನೆಲ್ ಎಳೆದುಕೊಳ್ಳಿ. ಪಠ್ಯವನ್ನು ಸ್ಲೈಡಿನ ಪಕ್ಕದ ಖಾಲಿ ಜಾಗದಲ್ಲಿ ಬೇರೆ ಟೆಕ್ಸ್ಟ್ ಬಾಕ್ಸಿನಲ್ಲಿ ಸಿದ್ಧ ಮಾಡಿ, ಅಗಲವನ್ನು ಪ್ಯಾನೆಲ್‌ಗಿಂತ 30 ಪಿಕ್ಸೆಲ್‌ನಷ್ಟು ಕಡಿಮೆ ಇಡಿ. ಸ್ಕ್ರೋಲ್ ಪಟ್ಟಿಗೆ ಜಾಗ ಬೇಕಲ್ಲ. ಆಮೇಲೆ ಪ್ಯಾನೆಲ್ ಮೇಲೆ ಎಳೆದು ಬಿಡಿ. ಟೈಮ್‌ಲೈನಿನಲ್ಲಿ (ಸ್ಲೈಡಿನಲ್ಲಿ ಯಾವುದು ಯಾವಾಗ ಕಾಣಬೇಕೆಂದು ತೋರಿಸುವ ಪಟ್ಟಿ) ಅದು ಪ್ಯಾನೆಲ್‌ನ ಅಡಿಗೆ ಸೇರಿದೆಯೇ ನೋಡಿ. ಸೇರದಿದ್ದರೆ ಪಠ್ಯ ಪ್ಯಾನೆಲ್ ಮೇಲೆ ಸುಮ್ಮನೆ ಕೂತಿದೆ ಎಂದರ್ಥ, ಸರಿಯುವುದಿಲ್ಲ.

ಇನ್ನೂ ಇದೆ ಎಂದು ತಿಳಿಸಲು ಬಾಣದ ಗುರುತಿಗಿಂತ ಅರ್ಧ ಕಾಣುವ ಸಾಲು ಒಳ್ಳೆಯದು. ಒಂದು ಸಾಲಿಗೆ 36 ಪಿಕ್ಸೆಲ್ ಹಿಡಿಯುತ್ತಿದ್ದರೆ 270 ಎತ್ತರದ ಪ್ಯಾನೆಲ್‌ನಲ್ಲಿ ಏಳೂವರೆ ಸಾಲು ಕಾಣುತ್ತದೆ. ಪ್ರಿವ್ಯೂ ನೋಡಿ ಎತ್ತರ ತಿದ್ದಿಕೊಳ್ಳಿ. ಕನ್ನಡಕ್ಕೆ ಇಲ್ಲೊಂದು ಎಚ್ಚರ: ಪ್ಯಾನೆಲ್‌ನ ಕೆಳ ಅಂಚು ಅಕ್ಷರದ ನಡುವೆ ಬರಬೇಕು. ಒತ್ತಕ್ಷರ ಮಾತ್ರ ಮುಚ್ಚಿಹೋದರೆ ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ, ಓದುವವರು ಅಚ್ಚಿನ ತಪ್ಪೆಂದುಕೊಳ್ಳುತ್ತಾರೆ. ಸಾಲಿನ ಅಂತರ 1.5ಕ್ಕಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವ ಸಂಭವ ಹೆಚ್ಚು.

ಪಠ್ಯ ಮೂರು ಪ್ಯಾನೆಲ್ ಎತ್ತರ ಮೀರಿದರೆ, ಯಾರು ಏನೇ ಹೇಳಲಿ, ಎರಡು ಸ್ಲೈಡ್ ಮಾಡಿ.

ಪ್ರಶ್ನೆ: ಕೊನೆಯವರೆಗೆ ಸ್ಕ್ರೋಲ್ ಮಾಡಿದ ಮೇಲೆಯೇ ನೆಕ್ಸ್ಟ್ ಬಟನ್ ತೆರೆಯಬೇಕು. ಟ್ರಿಗರ್ (ಯಾವಾಗ ಏನಾಗಬೇಕೆಂದು ಹೇಳುವ ಆಜ್ಞೆ) ಪಟ್ಟಿಯಲ್ಲಿ ಅಂಥದ್ದು ಸಿಗುತ್ತಿಲ್ಲ.

ಉತ್ತರ: ನೇರ ಟ್ರಿಗರ್ ಇಲ್ಲ, ಬಳಸುದಾರಿಯೇ ಗತಿ. ಪ್ಯಾನೆಲ್‌ನೊಳಗೆ, ಪಠ್ಯದ ತುದಿಯಲ್ಲಿ ‘ಓದಿದ್ದೇನೆ’ ಎಂಬ ಬಟನ್ ಇಡಿ. ಟ್ರೂ/ಫಾಲ್ಸ್ ವೇರಿಯಬಲ್ (ಹೌದೋ ಅಲ್ಲವೋ ಎಂದು ನೆನಪಿಡುವ ಗುರುತು) ಒಂದನ್ನು ಫಾಲ್ಸ್ ಆಗಿ ಶುರುಮಾಡಿ, ಬಟನ್ ಒತ್ತಿದಾಗ ಟ್ರೂ ಆಗಲಿ. ನೆಕ್ಸ್ಟ್ ಬಟನ್‌ಗೆ ಎರಡು ಟ್ರಿಗರ್ ಹಾಕಿ: ಟೈಮ್‌ಲೈನ್ ಶುರುವಾದಾಗ ಡಿಸೇಬಲ್ಡ್ (ಮುಚ್ಚಿದ ಸ್ಥಿತಿ), ವೇರಿಯಬಲ್ ಬದಲಾದಾಗ ನಾರ್ಮಲ್ (ತೆರೆದ ಸ್ಥಿತಿ). ಎಡವುವುದು ಈ ಎರಡರಲ್ಲಿ ಮೊದಲನೆಯದರಲ್ಲಿ: ಅದಕ್ಕೆ ‘ವೇರಿಯಬಲ್ ಫಾಲ್ಸ್ ಇದ್ದರೆ ಮಾತ್ರ’ ಎಂಬ ಷರತ್ತು ಹಾಕದಿದ್ದರೆ, ಹಿಂದಿನ ಸ್ಲೈಡಿಗೆ ಹೋಗಿ ಬಂದವರಿಗೆ ಬಟನ್ ಮತ್ತೆ ಮುಚ್ಚಿಕೊಳ್ಳಬಹುದು. ವೇರಿಯಬಲ್ ಆಗಲೇ ಟ್ರೂ ಆಗಿರುವುದರಿಂದ ಇನ್ನೊಮ್ಮೆ ಒತ್ತಿದರೂ ಬದಲಾವಣೆ ಇಲ್ಲ, ನೆಕ್ಸ್ಟ್ ತೆರೆಯುವುದೂ ಇಲ್ಲ. ಅಂದಹಾಗೆ, ಬಟನ್ ಒತ್ತಿದ್ದು ಓದಿದ್ದಕ್ಕೆ ಸಾಕ್ಷಿಯಲ್ಲ. ಆ ನಿಯಮದ ಮೇಲೆ ಒಂದೆರಡು ಪ್ರಶ್ನೆ ಕೇಳುವುದೇ ಮೇಲು.

ಪ್ರಶ್ನೆ: ನಮ್ಮ ಕಲಿಕಾರ್ಥಿಗಳಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲೇ ನೋಡುತ್ತಾರೆ. ಪ್ಯಾನೆಲ್ ಇಡಬಹುದೇ?

ಉತ್ತರ: ಬೇಡ. ಸ್ಟೋರಿಲೈನ್ ಸ್ಲೈಡ್ ಪರದೆಗೆ ತಕ್ಕಂತೆ ಇಡಿಯಾಗಿ ಕುಗ್ಗುತ್ತದೆ, ಜೊತೆಗೆ ಅಕ್ಷರವೂ. ಅಷ್ಟು ಚಿಕ್ಕ ಚೌಕದೊಳಗೆ ಬೆರಳಿಟ್ಟು ಸರಿಸುವುದು ಕಷ್ಟ. ಓದುವ ಭಾಗವನ್ನು ಅದೇ ಕಂಪನಿಯ ಇನ್ನೊಂದು ತಂತ್ರಾಂಶವಾದ ರೈಸ್‌ನಲ್ಲಿ ಮಾಡಿ. ಅಲ್ಲಿ ಪುಟವೇ ಸರಿಯುತ್ತದೆ, ಅಕ್ಷರ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಕಂಪ್ಯೂಟರ್‌ಗೆಂದೇ ಪ್ಯಾನೆಲ್ ಉಳಿಸಿಕೊಂಡರೆ, ಪ್ರಕಟಿಸುವ ಮುನ್ನ ಮೌಸ್ ಬದಿಗಿಟ್ಟು ಟ್ಯಾಬ್ ಮತ್ತು ಬಾಣದ ಕೀಲಿಗಳಿಂದಲೇ ಕೊನೆಯ ಸಾಲು ಮುಟ್ಟಲು ಆಗುತ್ತದೆಯೇ ನೋಡಿ.