ಬರೀ ಮಾತಾಡಿದರೆ ಮನಸ್ಸಿನ ಕಾಯಿಲೆ ಹೋಗುತ್ತದೆಯೇ?

ಊರು ಗದಗ ಕಡೆ, ಕೆಲಸ ಗೋವಾದ ವಾಸ್ಕೋದಲ್ಲಿ, ಆರು ತಿಂಗಳಿಂದ ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಯಾವುದರಲ್ಲೂ ಮನಸ್ಸಿಲ್ಲ ಅಂತ ಬರೆದಿದ್ದೀರಿ. ಎಲ್ಲರೂ ಥೆರಪಿಗೆ ಹೋಗು ಅನ್ನುತ್ತಾರೆ, ಅಲ್ಲಿ ಕೂತು ಮಾತಾಡಿದರೆ ಏನು ಬದಲಾಗುತ್ತದೆ ಅಂತ ಕೇಳಿದ್ದೀರಿ. ನಾನೂ ವಾಸ್ಕೋದವಳೇ. ನವಲಗುಂದದಿಂದ ಮದುವೆಯಾಗಿ ಇಲ್ಲಿಗೆ ಬಂದು ಹದಿನೇಳು ವರ್ಷವಾಯಿತು. ನಾಲ್ಕು ವರ್ಷದ ಹಿಂದೆ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಅಲೆದಿದ್ದೇನೆ.

ಪಣಜಿಗೆ ಹೋಗುವ ಬಸ್ಸು ಜುವಾರಿ ಸೇತುವೆ ಹತ್ತಿತ್ತು. ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು, ಬೆರಳು ಜುಮ್ಮೆಂದವು, ಇನ್ನು ನಾನು ಉಳಿಯುವುದಿಲ್ಲ ಅನ್ನಿಸಿತು. ಆಸ್ಪತ್ರೆಯಲ್ಲಿ ಇಸಿಜಿ, ಥೈರಾಯ್ಡ್ ಎಲ್ಲ ಸರಿ ಬಂತು. ನೀವೂ ಮೊದಲು ಇವೆರಡನ್ನು ನೋಡಿಸಿಕೊಳ್ಳಿ, ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತ ಡಾಕ್ಟರು ನನ್ನನ್ನು ಕಳಿಸಿಬಿಟ್ಟರು. ಆ ಮೇಲೆ ನಾನು ಬಸ್ಸು ಹತ್ತುವುದನ್ನು ಬಿಟ್ಟೆ. ಆಮೇಲೆ ಮಾರ್ಕೆಟ್ಟು, ಆಮೇಲೆ ನೆಂಟರ ಮದುವೆ. ವರ್ಷ ತುಂಬುವುದರೊಳಗೆ ಓಣಿ ದಾಟುವುದೇ ಕಷ್ಟವಾಯಿತು.

ಮಡಗಾಂವಿನಲ್ಲಿ ಒಬ್ಬ ಥೆರಪಿಸ್ಟ್ ಸಿಕ್ಕರು. ಅವರಿಗೆ ಕನ್ನಡ ಬಾರದು, ನನ್ನ ಹಿಂದಿಯಲ್ಲಿ "ಘಬರಾಹಟ್" ಬಿಟ್ಟರೆ ಬೇರೆ ಪದವಿಲ್ಲ. ಎದೆ ಝಲ್ಲೆನ್ನುವುದು ಬೇರೆ, ಹೊಟ್ಟೆ ಕಲಸಿದಂತಾಗುವುದು ಬೇರೆ, ಜೀವ ಹಾರಿಹೋದಂತಾಗುವುದು ಬೇರೆ. "ಮೊದಲು ಕನ್ನಡದಲ್ಲೇ ಹೇಳಿ, ಆಮೇಲೆ ಬಿಡಿಸಿ ಹೇಳಿ" ಅಂದರು. ಹಾಗೆ ಹೇಳುವಾಗಲೇ ನನಗೆ ಏನೇನು ಆಗುತ್ತಿದೆ ಅನ್ನುವುದು ಮೊದಲ ಸಲ ನನಗೇ ತಿಳಿಯಿತು.

ಎರಡನೇ ವಾರ ಅವರು ಮಾಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುರ್ಚಿಯಲ್ಲಿ ಕೂಡಿಸಿ, ಒಂದು ನಿಮಿಷ ಬಾಯಿಂದ ಜೋರುಜೋರಾಗಿ ಉಸಿರಾಡಿ ಅಂದರು. ಸೇತುವೆಯಿಲ್ಲ, ಬಸ್ಸಿಲ್ಲ, ಆದರೂ ಅದೇ ಬೆರಳು ಜುಮ್ಮೆನ್ನುವುದು, ಅದೇ ತಲೆ ತಿರುಗುವುದು! ಉಸಿರಿನ ವೇಗ ಹೆಚ್ಚಾದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದಕ್ಕೇ ಹೀಗೆ ಅಂತ ವಿವರಿಸಿದರು. ಎರಡು ನಿಮಿಷದಲ್ಲಿ ತಾನೇ ಇಳಿಯಿತು. (ಇದನ್ನು ಮನೆಯಲ್ಲಿ ನೀವೇ ಮಾಡಿ ನೋಡಬೇಡಿ. ಅಸ್ತಮಾ, ಹೃದಯದ ತೊಂದರೆ ಇದ್ದವರಿಗೆ ಆಗದು.) ಎದೆ ಬಡಿತ ಕಂಡು ಸಾಯುತ್ತೇನೆ ಅಂದುಕೊಳ್ಳುತ್ತಿದ್ದೆ, ಹಾಗೆ ಅಂದುಕೊಂಡಿದ್ದಕ್ಕೇ ಬಡಿತ ಹೆಚ್ಚುತ್ತಿತ್ತು, ಆ ಹೆದರಿಕೆಗೇ ಬಸ್ಸು ಬಿಡುತ್ತಿದ್ದೆ. ಬಿಟ್ಟಷ್ಟೂ ಹೆದರಿಕೆ ಬೇರು ಬಿಡುತ್ತಿತ್ತು.

ಆಮೇಲೆ ಮೆಟ್ಟಿಲು ಮಾಡಿಕೊಟ್ಟರು. ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕೂಡುವುದು, ಮುಂದಿನ ವಾರ ಚಿಕಾಲಿಂವರೆಗೆ, ಆಮೇಲೆ ಕೊರ್ಟಾಲಿಂವರೆಗೆ. ಸೇತುವೆಗೆ ಮೊದಲ ಸಲ ಯಜಮಾನರ ಜೊತೆ, ಆಮೇಲೆ ಒಬ್ಬಳೇ. ಹೆದರಿಕೆಗೆ ನೂರಕ್ಕೆ ಅಂಕ ಕೊಡಬೇಕು, ಅದು ಇಳಿಯುವವರೆಗೆ ಬಸ್ಸು ಇಳಿಯಬಾರದು. ಒಬ್ಬಳೇ ಹೋದ ದಿನ ಕೊರ್ಟಾಲಿಂನಲ್ಲಿ 80 ಬರೆದೆ, ಮುಂದಿನ ಸೀಟಿನ ಕಂಬಿ ಹಿಡಿದ ಕೈ ಬೆವರಿ ಜಾರುತ್ತಿತ್ತು. ಆ ದಡದ ಆಗಶಿಯಲ್ಲಿ 45. ಆ ಚೀಟಿ ಇವತ್ತಿಗೂ ನನ್ನ ಪರ್ಸಿನಲ್ಲಿದೆ. ಹನ್ನೊಂದು ಭೇಟಿಗೆ ಮುಗಿಯಿತು.

ಇನ್ನು ಯಾವುದರಲ್ಲೂ ಮನಸ್ಸಿಲ್ಲ ಅನ್ನುವುದು. ಅದು ಖಿನ್ನತೆ ಇರಬಹುದು. ಇದಕ್ಕೆ ಉತ್ತರ ನಮ್ಮ ಗೋವಾದಲ್ಲೇ ಸಿಕ್ಕಿದೆ. 1996ರಲ್ಲಿ ಇಲ್ಲೇ ಶುರುವಾದ 'ಸಂಗತ್' ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 493 ಖಿನ್ನತೆಯ ರೋಗಿಗಳ ಮೇಲೆ ಅಧ್ಯಯನ ಮಾಡಿದರು, 2017ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು. ಮಾತಾಡಿಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರೆಂಟು ಭೇಟಿ ಅಷ್ಟೇ. ಮೂರು ತಿಂಗಳಲ್ಲಿ ಈ ಥೆರಪಿ ಸಿಕ್ಕವರಲ್ಲಿ ನೂರಕ್ಕೆ 64 ಮಂದಿಯ ಖಿನ್ನತೆ ಇಳಿದಿತ್ತು, ಆರೋಗ್ಯ ಕೇಂದ್ರದ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39 ಮಂದಿಯದು. ಖಿನ್ನತೆಯಲ್ಲಿ "ಮನಸ್ಸು ಬಂದಮೇಲೆ ಮಾಡ್ತೀನಿ" ಅಂತ ಕೂತರೆ ಆ ಮನಸ್ಸು ಬರುವುದೇ ಇಲ್ಲ. ಅದಕ್ಕೇ ಸಂಜೆ ಅಕ್ಕನಿಗೆ ಒಂದು ಫೋನು, ಬೈನಾ ದಂಡೆಯವರೆಗೆ ಒಂದು ನಡಿಗೆ ಅಂತ ಸಣ್ಣ ಸಣ್ಣ ಕೆಲಸಗಳನ್ನು ದಿನ, ಹೊತ್ತು ಬರೆದು ಮಾಡಿಸುತ್ತಾರೆ. ಮುಂದಿನ ವಾರ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಅಂತ ಕೂತು ನೋಡುತ್ತಾರೆ. ಮಾತು ಇರುವುದೇ ಇದಕ್ಕೆ.

ಮಾತ್ರೆಗೆ ಹೆದರಬೇಡಿ. ಖಿನ್ನತೆ ಜಾಸ್ತಿಯಿದ್ದರೆ ಮಾತ್ರೆ, ಥೆರಪಿ ಎರಡೂ ಬೇಕಾಗುತ್ತವೆ. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಡಾಕ್ಟರನ್ನು ಕೇಳದೆ ನಡುವೆ ನಿಲ್ಲಿಸಬಾರದು. ಆದರೆ ಬರೀ ಉಪದೇಶ ಮಾಡಿ ಕಳಿಸುವವರು ಸಿಕ್ಕರೆ ಸಂಕೋಚ ಪಡದೆ ಬೇರೆಯವರನ್ನು ಹುಡುಕಿ. ನನಗೂ ಮೊದಲು ಸಿಕ್ಕವರು ಹಾಗೇ ಇದ್ದರು, ಅದರಿಂದಲೇ ನಾನು ಆರು ತಿಂಗಳು ಕಳೆದುಕೊಂಡೆ.

ದುಡ್ಡಿನ ಚಿಂತೆಯಿದ್ದರೆ ಬಾಂಬೋಲಿಂನಲ್ಲಿ ಸರ್ಕಾರದ ಮಾನಸಿಕ ಆಸ್ಪತ್ರೆಯಿದೆ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ದಯವಿಟ್ಟು ಇವತ್ತೇ ಈ ನಂಬರಿಗೆ ಫೋನು ಮಾಡಿ, ಮನೆಯವರಲ್ಲಿ ಒಬ್ಬರಿಗಾದರೂ ಹೇಳಿ.

ಮೊದಲ ದಿನ ಏನು ಹೇಳಬೇಕೋ ತೋಚದಿದ್ದರೆ, ಇಲ್ಲಿ ಬರೆದಿದ್ದೀರಲ್ಲ, ಅದನ್ನೇ ಓದಿ ಹೇಳಿ. ಅಷ್ಟು ಸಾಕು.