ಚೊಕೊನಾಯಿಯ ಲಿಲ್ಲಾ ನಿಜವಾಗಿ ಇದ್ದವಳಾ?

ಪ್ರಶ್ನೆ: ಹಂಗೇರಿಯ ಕವಿ ಚೊಕೊನಾಯಿ ‘ಲಿಲ್ಲಾ’ ಅಂತ ಬರೆದದ್ದು ನಿಜವಾದ ಹುಡುಗಿಯ ಬಗ್ಗೆಯಾ, ಬರೀ ಕಲ್ಪನೆಯಾ? ಅವಳ ನೆನಪಿಗೆ ಅಲ್ಲಿ ಏನಾದರೂ ಉಳಿದಿದೆಯಾ?

ನಿಜವಾದ ಹುಡುಗಿಯೇ. ಹೆಸರು ವಾಯ್ದಾ ಯೂಲಿಯಾನ್ನಾ. (ಅಲ್ಲಿ ಮನೆತನದ ಹೆಸರು ಮೊದಲು, ನಮ್ಮ ಇನಿಷಿಯಲ್ ಥರ.) ಡ್ಯಾನ್ಯೂಬ್ ದಡದ ಕೊಮಾರೊಮ್ ಊರಿನವಳು, ಅಪ್ಪ ಅನುಕೂಲಸ್ಥ ವ್ಯಾಪಾರಿ. 1797ರಲ್ಲಿ ಅವಳನ್ನು ನೋಡಿದಾಗ ಚೊಕೊನಾಯಿಗೆ ಇಪ್ಪತ್ಮೂರು. ಎರಡು ವರ್ಷದ ಹಿಂದೆ ದೆಬ್ರೆಟ್ಸೆನ್ ಕಾಲೇಜಿನಿಂದ ಹೊರಹಾಕಿದ್ದರು, ಜೇಬು ಖಾಲಿ. ಮದುವೆ ಆಗಬೇಕಾದರೆ ಒಂದು ಕೆಲಸ ಬೇಕಲ್ವಾ? ಹುಡುಕಿಕೊಂಡು ಹೊರಟ. ಅಲೆದಾಡುತ್ತಿರುವಾಗಲೇ, 1798ರ ಮಾರ್ಚ್‌ನಲ್ಲಿ, ಅವಳನ್ನು ಲೇವಾಯ್ ಇಷ್ಟ್ವಾನ್ ಎಂಬ ವ್ಯಾಪಾರಿಗೆ ಕೊಟ್ಟು ಮದುವೆ ಮಾಡಿದರು. ಇವನಿಗೆ ಕೆಲಸ ಸಿಕ್ಕಿದ್ದು 1799ರಲ್ಲಿ, ಚುರ್ಗೋ ಊರಿನ ಶಾಲೆಯಲ್ಲಿ. ಅದೂ ಬದಲಿ ಮೇಷ್ಟ್ರಾಗಿ.

ನೆನಪಿಗೆ ಉಳಿದಿರೋದು ಅವಳ ಸಮಾಧಿ. ಡ್ಯಾನ್ಯೂಬ್ ದಡದ ಇನ್ನೊಂದು ಊರು ದುನಾಅಲ್ಮಾಶ್‌ನಲ್ಲಿದೆ. ಕವಿ 1805ರ ಜನವರಿಯಲ್ಲಿ, ಮೂವತ್ತೊಂದಕ್ಕೇ ತೀರಿಕೊಂಡ. ಅವಳು ಅದಾದ ಮೇಲೆ ಐವತ್ತು ವರ್ಷ ಬಾಳಿದಳು. ಗಂಡ ಹೋದ ಮೇಲೆ, ಸಾಕಷ್ಟು ವಯಸ್ಸಾದಾಗ, ಆ ಊರಿನ ಪಾದ್ರಿಯನ್ನು ಮದುವೆಯಾದಳು. ಎರಡೂ ಮದುವೆಯಲ್ಲಿ ಕವಿ ಇಲ್ಲ. ಆದರೂ ಜನ ಹುಡುಕಿಕೊಂಡು ಹೋಗೋದು ‘ಲಿಲ್ಲಾ ಸಮಾಧಿ’ ಅಂತಲೇ.

ನಿಮ್ಮ ಅನುಮಾನದಲ್ಲೂ ಹುರುಳಿದೆ. ‘ಲಿಲ್ಲಾ’ ಸಂಕಲನದ ಎಷ್ಟೋ ಪದ್ಯಗಳು ಅವಳನ್ನು ನೋಡುವ ಮೊದಲೇ ಬರೆದಂಥವು. ಅವುಗಳಲ್ಲಿ ಲಾರಾ, ರೊಜಾಲಿಯಾ ಅಂತ ಬೇರೆ ಹೆಸರುಗಳಿದ್ದವು. ಆಮೇಲೆ ಅವನ್ನು ತೆಗೆದು ಲಿಲ್ಲಾ ಅಂತ ಕೂರಿಸಿದ. ನನಗಂತೂ ಇದು ಮೋಸ ಅನ್ನಿಸಲಿಲ್ಲ. ಹಳೆಯದನ್ನೆಲ್ಲ ಒಬ್ಬಳ ಹೆಸರಿಗೇ ಬರೆದುಕೊಟ್ಟ, ಅಷ್ಟೇ.

ನಾನು ಬುಡಾಪೆಸ್ಟ್‌ನಲ್ಲಿ ಕೆಲಸಕ್ಕಿದ್ದಾಗ ಆಫೀಸಿನ ಹಿರಿಯರೊಬ್ಬರು ಅವನ ‘ಭರವಸೆಗೆ’ ಪದ್ಯವನ್ನು ಊಟದ ಮೇಜಿನಲ್ಲೇ ಹೇಳಿದರು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಂತೆ. ಕೊಶ್ಶೊವಿಚ್ ಎಂಬ ಸಂಗೀತಗಾರನ ರಾಗಕ್ಕೆ ಕೂರಿಸಿದ ಪದ್ಯ ಅದು. ಹಾಗಾಗಿ ಅರ್ಧ ಹೇಳಿದರು, ಅರ್ಧ ಗುನುಗಿದರು. ಕೊನೆಗೆ ಕವಿ ಎಲ್ಲಕ್ಕೂ ವಿದಾಯ ಹೇಳುತ್ತಾನೆ: ಸಂತೋಷಕ್ಕೆ, ಭರವಸೆಗಳಿಗೆ, ‘ಲಿಲ್ಲಾಕ್’ಗೆ. ಲಿಲ್ಲಾಕ್ ಅಂದರೆ ಬಹುವಚನ, ಲಿಲ್ಲಾಗಳು!

ಇದ್ದವಳು ಒಬ್ಬಳೇ ಅಲ್ವಾ, ಇದ್ಯಾಕೆ ಹೀಗೆ ಅಂತ ಕೇಳಿದೆ. ಅವರು ಸೂಪಿಗೆ ಬ್ರೆಡ್ ಅದ್ದುತ್ತಾ, “ಮೇಲಿನ ಸಾಲಿನಲ್ಲಿ ‘ತ್ರಿಲ್ಲಾಕ್’ ಇದೆಯಲ್ಲಪ್ಪಾ, ಪ್ರಾಸ ಕೂರಬೇಡ್ವಾ?” ಅಂದರು.